40 ಹಲ್ಲಿನ ಚೇಂಜ್ ಗೇರ್ ಮುರಿದೈತಿ, 1.8 ಮಾಡ್ಯೂಲ್ ಕಟರ್ ಎಲ್ಲೂ ಸಿಗವಲ್ದು. ಮನ್ಯಾಗ ಮಾಡೋದು ಹ್ಯಾಂಗ?

ಗಂಗಾವತಿ_ಲೇತ್ (ಗಂಗಾವತಿ)

ನಮಸ್ಕಾರ್ರಿ ಎಲ್ಲಾರಿಗೂ. ಹಳೇ ನಾಲ್ಕೂವರೆ ಅಡಿ ಕೋನ್‌ಪುಲ್ಲಿ ಲೇತ್, ಲೀಡ್ ಸ್ಕ್ರೂ (ಥ್ರೆಡ್ ಹಾಕುವಾಗ ಟೂಲ್ ಸರಿಸೋ ಉದ್ದ ಸ್ಕ್ರೂ) ಇಂಚಿಗೆ 4 ಥ್ರೆಡ್. ಚೇಂಜ್ ಗೇರ್ (ಥ್ರೆಡ್ಡಿನ ಪಿಚ್ ಬದಲಿಸಾಕ ಹಾಕೋ ಗೇರು) 20ರಿಂದ 120ರ ತನಕ ಐದೈದು ಹಲ್ಲಿನ ಅಂತರದಾಗ ಪೂರ್ತಿ ಅದಾವ, ಆದ್ರ 40ರದರಾಗ ಸಾಲಾಗಿ ಮೂರು ಹಲ್ಲು ಹಾರ್ಯಾವ. ಇಂಚಿನ ಲೀಡ್ ಸ್ಕ್ರೂದಾಗ ಮಿ.ಮೀ. ಥ್ರೆಡ್ ಹಾಕಾಕ ಬೇಕಾಗೋ 127 ಹಲ್ಲಿನದು ಮೊದಲಿಂದ್ಲೂ ಇಲ್ಲ.

40ರ ಗೇರಿನ ಅಳತಿ: ಹೊರಗಿನ ವ್ಯಾಸ 76.1, ದಪ್ಪ 16, ಬೋರ್ (ನಡುವಿನ ತೂತು) 19 ಚಿಲ್ಲರೆ, ಕೀವೇ (ಕೀ ಕೂಡೋ ಸಂದು) 4.8 ಮಿ.ಮೀ. ಹಲ್ಲಿಗೆ ಎರಡು ಕೂಡಿಸಿ 42ರಿಂದ ಭಾಗಿಸಿದ್ರ ಮಾಡ್ಯೂಲ್ (ಹಲ್ಲಿನ ಗಾತ್ರದ ಮಿ.ಮೀ. ಅಳತಿ) 1.81 ಬರತೈತಿ. ಬಳ್ಳಾರಿ, ಹೊಸಪೇಟಿ ಎರಡೂ ಕಡೆ ಕೇಳಿದ್ದಾತು. 1.75 ಐತಿ, 2 ಐತಿ, 1.8 ಅನ್ನೋದ ಇಲ್ಲ ಅಂತಾರ. 1.75 ಕಟರ್ ಹಾಕಿದ್ರ ನಡೀತೈತೇನು? ಇಲ್ಲಾ, ಮುರಿದ ಹಲ್ಲಿಗೆ ಹಿತ್ತಾಳಿ ಬ್ರೇಜಿಂಗ್ ತುಂಬಿಸಿ ಅರ ಹೊಡದ್ರ ಸಾಕೇನು?

ನನ್ನ ಹತ್ರ ಇರೋದು ಲೇತ್, ಡ್ರಿಲ್ಲಿಂಗ್ ಮಷೀನ್, ಬೆಂಚ್ ಗ್ರೈಂಡರ್. ಮಿಲ್ಲಿಂಗ್ ಇಲ್ಲ. 127 ಇಲ್ಲದ ಮಿ.ಮೀ. ಥ್ರೆಡ್ ಹಾಕೋ ದಾರಿ ಇದ್ರ ಅದನ್ನೂ ಹೇಳ್ರಿ.

ತಿರುಗಣಿ_ಬಳ್ಳಾರಿ (ಬಳ್ಳಾರಿ)

1.8 ಮಾಡ್ಯೂಲ್ ಅಂತ ಕೇಳಿದರೆ ಯಾವ ಅಂಗಡಿಯಲ್ಲೂ ಸಿಗೋದಿಲ್ಲ, ಯಾಕಂದ್ರೆ ನಿಮ್ಮದು ಮಾಡ್ಯೂಲ್ ಗೇರೇ ಅಲ್ಲ. 25.4ನ್ನು 1.812ರಿಂದ ಭಾಗಿಸಿ ನೋಡಿ: 14.02. ಅಂದ್ರೆ 14 ಡಿಪಿ (ಡಯಾಮೆಟ್ರಲ್ ಪಿಚ್, ವ್ಯಾಸದ ಒಂದು ಇಂಚಿಗೆ ಎಷ್ಟು ಹಲ್ಲು ಅನ್ನೋ ಲೆಕ್ಕ). ಲೀಡ್ ಸ್ಕ್ರೂ ಇಂಚಿನದಾದರೆ ಗೇರೂ ಇಂಚಿನ ಲೆಕ್ಕದ್ದು ಅಂತ ಮೊದಲು ಅನುಮಾನ ಪಡಬೇಕು. ಇದೇ ಥರ ಅಳೆದಾಗ 1.27 ಬಂದರೆ 20 ಡಿಪಿ, 1.41 ಬಂದರೆ 18, 1.59 ಬಂದರೆ 16, 2.12 ಬಂದರೆ 12. ನಿಮ್ಮ ಗೇರಿನ ಹೊರವ್ಯಾಸ 42/14, ಅಂದ್ರೆ ಸರಿಯಾಗಿ 3 ಇಂಚು, 76.2 ಮಿ.ಮೀ. ಆ 0.1 ಸವೆದಿದೆ, ಇಲ್ಲವೇ ಮೊದಲೇ ಅಷ್ಟು ಕಡಿಮೆ ತಿರುವಿದ್ದಾರೆ.

1.75 ಬೇಡ. 14 ಡಿಪಿಯಲ್ಲಿ ಹಲ್ಲಿಂದ ಹಲ್ಲಿಗೆ ದೂರ 5.70, 1.75ರಲ್ಲಿ 5.50. ಕೈಯಲ್ಲಿ ತಿರುಗಿಸಿದರೆ ಸೇರಿದ ಹಾಗೇ ಕಾಣಿಸುತ್ತೆ. ಓಡಿಸಿದಾಗ ಒಂದು ಹಲ್ಲು ಬಿಡೋ ಮುಂಚೆ ಇನ್ನೊಂದರ ತುದಿ ಬಂದು ಬಡಿಯುತ್ತೆ. ಶಬ್ದವನ್ನು ಸಹಿಸಬಹುದು, ಆದರೆ ಜೊತೆಗಿರೋ ಒಳ್ಳೆ ಗೇರನ್ನೂ ತಿಂದು ಹಾಕುತ್ತೆ.

ಕಟರ್ ಹುಡುಕೋ ಮುಂಚೆ ಇನ್ನೊಂದು ಗೊತ್ತಾಗಬೇಕು: ಪ್ರೆಷರ್ ಆಂಗಲ್ (ಹಲ್ಲಿನ ಪಕ್ಕದ ಓರೆ) 14½ ಡಿಗ್ರಿಯೋ 20 ಡಿಗ್ರಿಯೋ. ಹಳೇ ಇಂಚಿನ ಲೇತ್‌ಗಳಲ್ಲಿ 14½ ಹೆಚ್ಚು, ಆದರೂ ಅಳೆದೇ ನೋಡಿ. ವರ್ನಿಯರಿನ ಚಪ್ಪಟೆ ದವಡೆಯಲ್ಲಿ ಮೊದಲು 3 ಹಲ್ಲು ಹಿಡಿದು ಅಳತೆ ಬರ್ಕೊಳ್ಳಿ, ಆಮೇಲೆ 4 ಹಲ್ಲು ಹಿಡಿದು. ದವಡೆ ಹಲ್ಲಿನ ತುದಿಗೆ ತಾಗಬಾರದು, ಪಕ್ಕಕ್ಕೆ ಒರಗಿ ಕೂತಿರಬೇಕು. ಎರಡರ ವ್ಯತ್ಯಾಸ 5.52ರ ಆಸುಪಾಸು ಬಂದರೆ 14½, 5.36 ಬಂದರೆ 20. ಸವೆತ ಎರಡೂ ಅಳತೆಯಲ್ಲಿ ಒಂದೇ ಸಮ ಕೂತಿರೋದರಿಂದ ಕಳೆದಾಗ ಹೊರಟು ಹೋಗುತ್ತೆ. ಅದಕ್ಕೇ ಒಂದೇ ಅಳತೆ ನಂಬಬೇಡಿ, ವ್ಯತ್ಯಾಸ ನಂಬಿ.

ಬೋರ್ "19 ಚಿಲ್ಲರೆ" ಅಂದಿದ್ದು ಮುಕ್ಕಾಲು ಇಂಚು, 19.05. ಕೀವೇ 3/16 ಇಂಚು, 4.76. ಅಂಗಡಿಯ 19ರ ರೀಮರ್ ಹಾಕಿದರೆ ಸ್ಟಡ್ (ಗೇರು ಕೂರೋ ಗೂಟ) ಒಳಗೆ ಹೋಗೋದಿಲ್ಲ, ಸುತ್ತಿಗೆಯಲ್ಲಿ ಹೊಡೆದು ಹೊಸ ಗೇರು ಸೀಳೋದು ಹೀಗೇ. ಸ್ಟಡ್ಡನ್ನು ಮೈಕ್ರೋಮೀಟರಲ್ಲಿ ಅಳೆದು ಅದಕ್ಕೆ 0.02 ಸಡಿಲ ಬಿಟ್ಟು ಬೋರ್ ಮಾಡಿ.

ಜಿನ್ನಿಂಗ್_ಫಿಟ್ಟರ್ (ರಾಯಚೂರು)

ತಿರುಗಣಿಯವರು ಹೇಳಿದ್ದು ಸರಿ ಅದ. ಈಗ ಮಿಲ್ಲಿಂಗ್ ಇಲ್ಲದ ಲೇತ್‌ನಾಗ ಹಲ್ಲು ಹಾಕೋದು ಹೇಳ್ತೀನಿ. ಕಟರ್ ಬೇಕಾಗೂದಿಲ್ಲ. ಕೀವೇ ಹೊಡೆಯೋ ಹಂಗ, ಟೂಲ್ ಪೋಸ್ಟ್‌ನಾಗ ಟೂಲ್ ಅಡ್ಡ ಮಲಗಿಸಿ, ಸ್ಯಾಡಲ್ (ಟೂಲ್ ಪೋಸ್ಟ್ ಹೊತ್ತ ಭಾಗ) ಕೈಯಿಂದ ಹಿಂದ ಮುಂದ ಓಡಿಸಿ ಒಂದೊಂದ ಹಲ್ಲಿನ ಸಂದು ಕೆತ್ತೋದು. ನಿಧಾನದ ಕೆಲಸ, ಖರ್ಚು ಇಲ್ಲ.

ಬ್ಲಾಂಕ್ (ಹಲ್ಲು ಹಾಕೂ ಮುಂಚಿನ ಬಿಲ್ಲಿ). ನಿಮ್ಮ ಕಡೆ ರೈಸ್ ಮಿಲ್ ಗುಜರಿಗೆ ಕಡಿಮಿ ಇಲ್ಲ. ಹಳೇ ಚಪ್ಪಟೆ ಬೆಲ್ಟಿನ ದೊಡ್ಡ ಪುಲ್ಲಿಯ ನಡುವಿನ ಹಬ್ 90-100 ಮಿ.ಮೀ. ಇರ್ತದ, ಅದನ್ನ ಕತ್ತರಿಸಿ ತರ್ರಿ. ಬೀಡು (ಕಾಸ್ಟ್ ಐರನ್) ಚೇಂಜ್ ಗೇರಿಗೆ ಹೇಳಿ ಮಾಡಿಸಿದಂಗ ಅದ. ಒಳಗ ಗ್ರಾಫೈಟ್ ಇರೋದ್ರಿಂದ ಎಣ್ಣಿ ಕಮ್ಮಿ ಬಿದ್ರೂ ಕಚ್ಚೂದಿಲ್ಲ. ಮೇಲಿನ ಚರ್ಮ ಮಾತ್ರ ಮರಳು ಸುಟ್ಟು ಗಟ್ಟಿ ಆಗಿರ್ತದ, ಮೊದಲನೇ ಕಟ್ಟು ಅದರ ಕೆಳಗ ಹೋಗೂ ಹಂಗ 2 ಮಿ.ಮೀ. ಒಮ್ಮೆಲೇ ತಗೀರಿ. ಚರ್ಮದ ಮ್ಯಾಲೆ ಸವರಿಕೊಂಡು ಹೋದ್ರ ಟೂಲ್ ಮೊಂಡ ಆಗ್ತದ. ಹಬ್ಬಿನ ಹಳೇ ತೂತು 40 ಮಿ.ಮೀ. ಇದ್ರ ಮೈಲ್ಡ್ ಸ್ಟೀಲ್ ಬುಷ್ 0.03 ಬಿಗಿಯಾಗಿ ಒತ್ತಿ, ಬುಷ್ಷಿಗೂ ಬೀಡಿಗೂ ಸೇರೂ ಗೆರಿ ಮ್ಯಾಲೆ M5 ಗ್ರಬ್ ಸ್ಕ್ರೂ ಒಂದು ಹಾಕ್ರಿ.

ಮ್ಯಾಂಡ್ರಿಲ್ (ಬೋರಿನೊಳಗ ಕೂಡೂ ರಾಡು) ಮ್ಯಾಲೆ ಬ್ಲಾಂಕ್ ಬಿಗಿದು ಹೊರವ್ಯಾಸ 76.2 ತಿರುವ್ರಿ. ಅದೇ ಮ್ಯಾಂಡ್ರಿಲ್ ಮ್ಯಾಲೇ ಹಲ್ಲೂ ಆಗಬೇಕು, ನಡುವೆ ತಗೀಬ್ಯಾಡ್ರಿ. ಬೋರಿಗೂ ಹಲ್ಲಿಗೂ ನಡು ತಪ್ಪಿದ್ರ ಗೇರು ಸುತ್ತಿಗೊಮ್ಮೆ ಬಿಗಿ, ಸುತ್ತಿಗೊಮ್ಮೆ ಸಡಿಲ ಆಗಿ ಗುರ್ ಗುರ್ ಅಂತದ. ಬ್ಲಾಂಕಿಗೂ ಚಕ್ಕಿಗೂ ನಡುವೆ 15 ಮಿ.ಮೀ. ಜಾಗ ಬಿಡ್ರಿ, ಟೂಲ್ ಆ ಕಡೆ ಪೂರ್ತಿ ಹೊರಗ ಬರಬೇಕು. ಎರಡು ಬ್ಲಾಂಕ್ ಒಟ್ಟಿಗೆ ಬಿಗಿದ್ರ ಅಷ್ಟೇ ಏಟಿಗೆ ಎರಡು ಗೇರು.

ಟೂಲ್. 10 ಮಿ.ಮೀ. ಎಚ್‌ಎಸ್‌ಎಸ್ ಬಿಟ್. ಮುರಿದ 40ರ ಹಲ್ಲಿನ ಸಂದು ನೋಡಿ ಸಾಣೆ ಹಿಡಿಬ್ಯಾಡ್ರಿ, ಅದು ಸವೆದು ಅಗಲ ಆಗಿರ್ತದ. 45 ಅಥವಾ 50ರದ್ದು ಕಡಿಮಿ ಓಡಿರ್ತದ, ಅದರ ಸಂದಿಗೆ ಕೂಡಿಸ್ರಿ. 35ರಿಂದ 54ರ ತನಕ ಒಂದೇ ಕಟರ್ ಸಾಕು ಅಂತ ಕಟರ್ ಮಾಡೋರೇ ಲೆಕ್ಕ ಇಟ್ಟಾರ, ಹಂಗಾಗಿ ಆಕಾರದ ವ್ಯತ್ಯಾಸ ಲೆಕ್ಕಕ್ಕಿಲ್ಲ. ಸಂದಿನಾಗ ಟೂಲ್ ಇಟ್ಟು ಹಿಂದಿಂದ ಟಾರ್ಚ್ ಹಿಡೀರಿ. ಎಲ್ಲಿ ಬೆಳಕು ಕಾಣೂದಿಲ್ಲೋ ಅಲ್ಲಿ ತಾಗ್ತದ, ಅಲ್ಲಷ್ಟೇ ಸಾಣೆಕಲ್ಲಿನಿಂದ ಒಂದೆರಡು ಎಳೆತ. ಎರಡೂ ಬದಿ ಕೂದಲೆಳಿಯಷ್ಟ ಒಂದೇ ಸಮ ಬೆಳಕು ಕಂಡಾಗ ಟೂಲ್ ಆತು. ಪಕ್ಕಕ್ಕೆ 5-6 ಡಿಗ್ರಿ ಕ್ಲಿಯರೆನ್ಸ್ ಬೇಕು, ಇಲ್ಲಂದ್ರ ಕೆತ್ತೂದಿಲ್ಲ, ಉಜ್ಜತದ.

ಕೂಡಿಸೋದು. ಟೂಲಿನ ಕೆತ್ತೂ ಮುಖ ಹೆಡ್‌ಸ್ಟಾಕ್ ಕಡೆ ನೋಡ್ಬೇಕು, ಆಕಾರದ ನಡು ಗೆರಿ ಸ್ಪಿಂಡಲ್ ನಡುವಿನ ಎತ್ತರಕ್ಕೆ ಸರಿಯಾಗಿ ಇರಬೇಕು. ಟೈಲ್‌ಸ್ಟಾಕ್ ಸೆಂಟರಿನ ಚೂಪಿಗೆ ಹಿಡಿದು ನೋಡ್ರಿ. 0.2 ಮ್ಯಾಲೆ ಕೆಳಗ ಆದ್ರೂ ಹಲ್ಲು ಒಂದು ಕಡೆ ವಾಲ್ತಾವ. ಅಂಥ ಗೇರು ಒಂದು ದಿಕ್ಕಿಗೆ ಸುಮ್ಮನಿರ್ತದ, ತಿರುವಿ ಹಾಕಿದ್ರ ಕಿರುಚ್ತದ.

ಭಾಗ ಮಾಡೋದು. ನಿಮ್ಮ ಸೆಟ್ಟಿನ 80ರ ಗೇರೇ ಡಿವೈಡಿಂಗ್ ಪ್ಲೇಟ್. ಸ್ಪಿಂಡಲಿನ ಹಿಂಬದಿ ತೂತಿಗೆ ಸೀಳಿದ ಮ್ಯಾಂಡ್ರಿಲ್ ಹಾಕಿ ಬೋಲ್ಟಿನಿಂದ ಹಿಗ್ಗಿಸಿ, ಅದರ ಮ್ಯಾಲೆ 80 ಕೂಡಿಸ್ರಿ. ಹೆಡ್‌ಸ್ಟಾಕಿಗೆ ಪಟ್ಟಿ ಬಿಗಿದು, ಹಲ್ಲಿನ ಸಂದಿನಾಗ ಆಟ ಇಲ್ಲದಂಗ ಕೂಡೂ ಬೆಣಿ ಆಕಾರದ ಪಿನ್ನು ಸ್ಪ್ರಿಂಗಿನಿಂದ ಒತ್ತೂ ಹಂಗ ಮಾಡ್ರಿ. ಒಂದು ಬಿಟ್ಟು ಒಂದು ಸಂದು. ಬೇಕಾದ ಸಂದಿಗೆಲ್ಲ ಬಿಳಿ ಪೇಂಟ್ ಚುಕ್ಕಿ ಮೊದಲೇ ಇಡ್ರಿ. ಕೈ ದಣದಾಗ ಎಣಿಕಿ ತಪ್ಪೂದು ಖಾತ್ರಿ. ಮೊದಲ ಸುತ್ತು 0.1 ಆಳಕ್ಕೆ ಬರೇ ಗೀರು ಹಾಕ್ಕೊಂಡು ಹೋಗ್ರಿ. ನಲವತ್ತನೇದರ ಮುಂದಿನ ಗೀರು ಮೊದಲನೇ ಗೀರಿನ ಮ್ಯಾಲೇ ಬಿದ್ರ ಕೆಲಸ ಮುಂದ. ಬೀಳಲಿಲ್ಲಂದ್ರ ಕೆಟ್ಟದ್ದು 0.1 ಅಷ್ಟೇ, ಅಳಿಸಿ ಮತ್ತ ಹಾಕ್ಬಹುದು.

ಆಳ 2.157/14 ಇಂಚು, 3.91 ಮಿ.ಮೀ. ಇದು ತ್ರಿಜ್ಯದ ಮ್ಯಾಲಿನ ಆಳ. ಕ್ರಾಸ್ ಸ್ಲೈಡ್ ಡಯಲ್ ವ್ಯಾಸ ತೋರಿಸೂ ನಮೂನಿ ಇದ್ರ 7.82 ಓದಬೇಕು. ಇಲ್ಲಿ ಎಡವಿದವ್ರು ಅರ್ಧ ಹಲ್ಲಿನ ಗೇರು ಮಾಡಿ ಕುಂತಿರ್ತಾರ. ಒಂದು ಏಟಿಗೆ 0.08. ಅಂದ್ರ ಒಂದು ಸಂದಿಗೆ 49 ಏಟು, ಇಡೀ ಗೇರಿಗೆ 2000ದ ಹತ್ರ. ಹಿಂದ ಬರೂವಾಗ ಟೂಲ್ ಹೊರಗ ಎಳೀರಿ, ಉಜ್ಜಿಕೊಂಡು ಬಂದ್ರ ಅಂಚು ಒಂದೇ ಗೇರಿಗೆ ಹೋಗ್ತದ. ಆಕಾರದ ಟೂಲಿನ ಜೀವ ಉಳಿಸಬೇಕಂದ್ರ ಮೊದಲು 2 ಮಿ.ಮೀ. ಅಗಲದ ಸಾದಾ ಪಾರ್ಟಿಂಗ್ ನಮೂನಿ ಟೂಲಿನಿಂದ ಎಲ್ಲಾ ಸಂದು 3.4 ತನಕ ತಗದು, ಆಮ್ಯಾಲೆ ಆಕಾರದ್ದು ಹಚ್ರಿ. ಬೀಡಿಗೆ ಎಣ್ಣಿ ಹಾಕಬ್ಯಾಡ್ರಿ. ಪುಡಿ ಎಣ್ಣಿ ಜೋಡಿ ಸೇರಿ ಕೆಸರಾಗಿ ಸ್ಲೈಡಿನೊಳಗ ಹೋಗ್ತದ. ಬೆಡ್ ಮ್ಯಾಲೆ ಹಾಳಿ ಹಾಸ್ರಿ.

ಕೊನೀ 0.2 ಉಳದಾಗ ನಿಂತು ಅಳೀರಿ. 14½ ಡಿಗ್ರಿ ಆಗಿದ್ರ 4 ಹಲ್ಲಿನ ಮ್ಯಾಲಿನ ಅಳತಿ ಆಟ ಇಲ್ಲದ ಲೆಕ್ಕಕ್ಕ 19.70. ನಿಮಗ ಬೇಕಾಗಿರೋದು 19.62ರ ಸುತ್ತ. ಟೂಲ್ 0.1 ಒಳಗ ಹೋದ್ರ ಈ ಅಳತಿ 0.05 ಇಳೀತದ. ಡಯಲ್ ಏನರೆ ಹೇಳಲಿ, ಕೊನೀ ಮಾತು ಈ ಅಳತೀದು.

ಗಂಗಾವತಿ_ಲೇತ್ (ಗಂಗಾವತಿ)

ಅಳದೆ. 3 ಹಲ್ಲು 14.05, 4 ಹಲ್ಲು 19.56. ವ್ಯತ್ಯಾಸ 5.51, ಅಂದ್ರ 14½. ಸ್ಟಡ್ 19.03. ಬ್ಲಾಂಕ್ ಗುಜರಿಯಾಗ ನೋಡ್ತೀನಿ. 80ರ ಗೇರಿನ ಉಪಾಯ 40ಕ್ಕಾತು, 127ಕ್ಕ ಏನು ಮಾಡೋದು? ಅದು ಯಾವ ಗೇರಿನಿಂದ್ಲೂ ಭಾಗ ಆಗೂದಿಲ್ಲಲ್ಲ.

ಅರ_ಸಾಣೆ (ಕೊಪ್ಪಳ)

127 ಮಾಡಬೇಡಿ. 63 ಮಾಡಿ.

14 ಡಿಪಿಯಲ್ಲಿ 127ರ ಹೊರವ್ಯಾಸ 129/14 ಇಂಚು, 234 ಮಿ.ಮೀ. ನಿಮ್ಮ ಲೇತ್‌ನ ಕ್ವಾಡ್ರಂಟಿನಲ್ಲಿ (ಗೇರು ಕೂರಿಸುವ ತೋಳು) ಅದು ಕೂರುವುದೇ ಅನುಮಾನ, ಕೂತರೂ ಮೇಲಿನ ಮುಚ್ಚಳ ಹಾಕಲಾಗದು. 63ರದು 65/14 ಇಂಚು, 117.9 ಮಿ.ಮೀ. ಲೆಕ್ಕ ಹೀಗಿದೆ: 25.4ರ ಬದಲು 1600/63 ಅಂತ ಹಿಡಿದರೆ 25.3968 ಬರುತ್ತದೆ. 100 ಮಿ.ಮೀ. ಥ್ರೆಡ್ಡಿಗೆ 0.0125 ಮಿ.ಮೀ. ತಪ್ಪು. ನಿಮ್ಮ ಲೀಡ್ ಸ್ಕ್ರೂ ಸವೆದಿರುವುದೇ ಇದಕ್ಕಿಂತ ಹೆಚ್ಚು. ಮೀಟರ್ ಉದ್ದದ ಹೊಸ ಲೀಡ್ ಸ್ಕ್ರೂ ಕತ್ತರಿಸುವವರಿಗೆ ಮಾತ್ರ 127 ಬೇಕು.

4 ಥ್ರೆಡ್ಡಿನ ಲೀಡ್ ಸ್ಕ್ರೂಗೆ 63 ಇದ್ದರೆ ಸಿಗುವ ಸುಖ ಏನೆಂದರೆ, ಮೂರು ಗೇರು ಅಲುಗಿಸುವುದೇ ಬೇಡ. ಲೀಡ್ ಸ್ಕ್ರೂ ಮೇಲೆ 80. ನಡುವಿನ ಸ್ಟಡ್ಡಿನ ಮೇಲೆ 100 ಮತ್ತು 63 ಒಂದೇ ಬುಷ್ಷಿಗೆ ಕೀ ಹಾಕಿ ಜೋಡಿಸಿ, 63 ಹೋಗಿ 80ಕ್ಕೆ ಸೇರಲಿ. 100ಕ್ಕೆ ಸೇರುವ ಮೊದಲ ಗೇರಷ್ಟೇ ಬದಲಾಗುತ್ತದೆ: ಬೇಕಾದ ಪಿಚ್ ಗುಣಿಸು 20. 1 ಮಿ.ಮೀ.ಗೆ 20, 1.25ಕ್ಕೆ 25, 1.5ಕ್ಕೆ 30, 1.75ಕ್ಕೆ 35, 2ಕ್ಕೆ 40, 2.5ಕ್ಕೆ 50, 3ಕ್ಕೆ 60. ಎಲ್ಲವೂ ನಿಮ್ಮ ಸೆಟ್ಟಿನಲ್ಲಿವೆ, 40 ಒಂದು ಬಿಟ್ಟು. ಅದನ್ನು ಹೇಗೂ ಮಾಡುತ್ತಿದ್ದೀರಿ.

63 ಮತ್ತು ಮೊದಲ ಗೇರಿನ ಜಾಗ ಅದಲು ಬದಲು ಮಾಡಿದರೂ ಲೆಕ್ಕ ಅದೇ ಬರುತ್ತದೆ, ಕೂರುವುದು ಮಾತ್ರ ಬೇರೆ ಮಾತು. ಲೀಡ್ ಸ್ಕ್ರೂ ಕಡೆಯ ಜೋಡಿಯ ಹಲ್ಲು ಕೂಡಿಸಿದರೆ 100+15ಕ್ಕಿಂತ ಹೆಚ್ಚಿರಬೇಕು. 63+80 ಅಂದರೆ 143, ಸರಿ. 30+80 ಅಂದರೆ 110: 100ರ ಗೇರು ಲೀಡ್ ಸ್ಕ್ರೂವಿನ ಬಾಸಿಗೇ (ಗೇರು ಕೂರುವಲ್ಲಿನ ದಪ್ಪ ಭಾಗ) ಬಡಿದು ನಿಲ್ಲುತ್ತದೆ.

63 ಭಾಗ ಮಾಡುವುದಕ್ಕೆ ಶೀಟ್ ಮೆಟಲ್ ಲೇಸರ್ ಕಟಿಂಗ್ ಮಾಡುವವರಲ್ಲಿ 4 ಮಿ.ಮೀ. ಎಂಎಸ್ ಶೀಟಿನಿಂದ 250 ವ್ಯಾಸದ ಬಿಲ್ಲೆ, ಅಂಚಿಗೆ 63 ವಿ-ಗಾಯ, ನಡುವೆ ನಿಮ್ಮ ಹಿಂಬದಿ ಮ್ಯಾಂಡ್ರಿಲ್ಲಿಗೆ ಸರಿಯಾದ ತೂತು ಹಾಕಿಸಿ. ಜಿನ್ನಿಂಗ್_ಫಿಟ್ಟರ್ ಹೇಳಿದ ಅದೇ ಪಿನ್ನು, ಅದೇ ಪಟ್ಟಿ. ಬಿಲ್ಲೆಯ ಅಂಚಿನಲ್ಲಿ 0.1 ತಪ್ಪಿದ್ದರೂ 114 ವ್ಯಾಸದ ಗೇರಿನ ಮೇಲೆ ಅದು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಬಿಲ್ಲೆ ದೊಡ್ಡದಿದ್ದಷ್ಟೂ ಒಳ್ಳೆಯದು, ಗೋಡೆಗೆ ತಾಗದಿದ್ದರೆ ಸಾಕು. ಟೂಲಿಗೆ ಈ ಸಲ 65ರ ಗೇರಿನ ಸಂದು ನೋಡಿ, 45ರ ಸಂದಿಗೆ ಹಿಡಿದ ಟೂಲ್ ಬೇಡ. ಆಳ ಅದೇ 3.91, ಆಳಕ್ಕೂ ಹಲ್ಲಿನ ಸಂಖ್ಯೆಗೂ ಸಂಬಂಧವಿಲ್ಲ. 6 ಹಲ್ಲಿನ ಮೇಲಿನ ಅಳತೆ ಆಟವಿಲ್ಲದೆ 30.96, ನೀವು 30.88ಕ್ಕೆ ನಿಲ್ಲಿಸಿ.

ಇಂಚಿನ ಲೀಡ್ ಸ್ಕ್ರೂವಿನಲ್ಲಿ ಮಿ.ಮೀ. ಥ್ರೆಡ್ ಹಾಕುವಾಗ ಹಾಫ್ ನಟ್ (ಸ್ಯಾಡಲನ್ನು ಲೀಡ್ ಸ್ಕ್ರೂಗೆ ಹಿಡಿಸುವ ನಟ್) ಒಮ್ಮೆ ಹಾಕಿದರೆ ಕೊನೆಯ ತನಕ ತೆಗೆಯಬೇಡಿ. ಟೂಲ್ ಹೊರಗೆಳೆದು ಮೋಟಾರ್ ರಿವರ್ಸ್ ಹಾಕಿ ವಾಪಸ್ ಬನ್ನಿ. ಹಾಫ್ ನಟ್ ಯಾವಾಗ ಹಾಕಬೇಕೆಂದು ತೋರಿಸುವ ಥ್ರೆಡ್ ಡಯಲ್ ಇಲ್ಲಿ ಕೆಲಸಕ್ಕೆ ಬಾರದು.

ತಿರುಗಣಿ_ಬಳ್ಳಾರಿ (ಬಳ್ಳಾರಿ)

63ರ ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದರೆ ಬರೀ ನಟ್ಟು-ಬೋಲ್ಟಿನ ಕೆಲಸಕ್ಕೆ ಅದೂ ಬೇಡ. ಈಗ ಇರೋ ಸೆಟ್ಟಿನಲ್ಲೇ 1.5 ಪಿಚ್ ಬರುತ್ತೆ: ಮೊದಲ ಗೇರು 20, ಅದು 100ಕ್ಕೆ; 100ರ ಜೊತೆ 65, ಅದು ಲೀಡ್ ಸ್ಕ್ರೂವಿನ 55ಕ್ಕೆ. ಬರೋ ಪಿಚ್ 1.5009. ಒಂದು ಇಂಚು ಉದ್ದದ ನಟ್ಟಿಗೆ 0.015 ತಪ್ಪು, ಯಾರಿಗೂ ಗೊತ್ತಾಗೋದಿಲ್ಲ. 2 ಪಿಚ್ಚಿಗೆ 100 ತೆಗೆದು 75 ಹಾಕಿ, ಉಳಿದದ್ದು ಹಾಗೇ ಇರಲಿ. 63 ಆಗೋ ತನಕ ಕೆಲಸ ನಿಲ್ಲಬೇಕಾಗಿಲ್ಲ.

ಯಾರಾದರೂ ಮಿಲ್ಲಿಂಗ್ ಮಷೀನ್ ಇರೋರ ಹತ್ತಿರ ಮಾಡಿಸೋದಾದರೆ ಕಟರ್ ನಂಬರಿನ ಗೊಂದಲ ಇರುತ್ತೆ, ಎಚ್ಚರ. ಡಿಪಿ ಕಟರಲ್ಲಿ 40 ಹಲ್ಲಿಗೆ 3ನೇ ನಂಬರ್ (35ರಿಂದ 54), 63ಕ್ಕೆ 2ನೇ ನಂಬರ್ (55ರಿಂದ 134). ಮಾಡ್ಯೂಲ್ ಕಟರಲ್ಲಿ ನಂಬರ್ ಉಲ್ಟಾ ಓಡುತ್ತೆ, 12-13 ಹಲ್ಲಿನದೇ 1ನೇ ನಂಬರ್. ಮಾಡ್ಯೂಲ್ ಕೆಲಸ ಮಾಡಿ ರೂಢಿ ಇರೋರು "40 ಹಲ್ಲಿಗೆ 6ನೇ ನಂಬರ್" ಅಂತ 14 ಡಿಪಿಯ 6 ತರಿಸಿಬಿಟ್ಟರೆ ಅದು 17ರಿಂದ 20 ಹಲ್ಲಿನದು. ಕಟರ್ ಮೇಲೆ ಕೊರೆದಿರೋದು ಓದಿ: ಡಿಪಿ, ಡಿಗ್ರಿ, ಹಲ್ಲಿನ ವ್ಯಾಪ್ತಿ ಮೂರೂ ಇರುತ್ತೆ. ಬೆಂಗಳೂರಿನ ಎಸ್‌ಜೆಪಿ ರೋಡ್ ಕಡೆ ಕೇಳೋವಾಗ ಈ ಮೂರನ್ನೂ ಚೀಟಿಯಲ್ಲಿ ಬರೆದು ಕಳಿಸಿ.

40:1 ಡಿವೈಡಿಂಗ್ ಹೆಡ್ಡಲ್ಲಿ (ಹಿಡಿಕೆ 40 ಸುತ್ತು ತಿರುಗಿದರೆ ಗೇರು ಒಂದು ಸುತ್ತು) 40 ಹಲ್ಲಿಗೆ ಹಿಡಿಕೆ ಒಂದೊಂದು ಪೂರ್ತಿ ಸುತ್ತು. 63 ಮಾಮೂಲಿ ಪ್ಲೇಟಲ್ಲಿ ಬರೋದಿಲ್ಲ ಅಂತಾರೆ, ಬರುತ್ತೆ. 21 ಮತ್ತು 27 ತೂತಿನ ಸಾಲು ಎರಡೂ ಇರೋ ಪ್ಲೇಟ್ ಹಾಕಿ, 27ರ ಸಾಲಲ್ಲಿ ಹಿಡಿಕೆ 12 ತೂತು ಮುಂದೆ, ಆಮೇಲೆ ಪ್ಲೇಟನ್ನೇ ಅದೇ ದಿಕ್ಕಿಗೆ 21ರ ಸಾಲಲ್ಲಿ 4 ತೂತು ಮುಂದೆ. ಹಿಂದಿನ ಪಿನ್ನು 21ರ ಸಾಲಿಗೆ ಬರೋ ಹಾಗಿರಬೇಕು, ಅಷ್ಟೇ. 90:1 ರೋಟರಿ ಟೇಬಲ್ ಸಿಕ್ಕರೆ ಇನ್ನೂ ಸುಲಭ, ಒಂದು ಸುತ್ತು ಮತ್ತು 21ರ ಸಾಲಲ್ಲಿ 9 ತೂತು.

ಪ್ರಿಂಟರ್_ಸಿಂಧನೂರು (ಸಿಂಧನೂರು)

ಎರಡು ಸಾವಿರ ಏಟು ಹೊಡೆಯೋ ಬದಲು 63ನ್ನ ತ್ರೀಡಿ ಪ್ರಿಂಟ್ ಮಾಡಿದ್ರೆ ಆಗಲ್ವಾ? ಥ್ರೆಡ್ ಹಾಕೋವಾಗ ಮಾತ್ರ ಬೇಕಾಗೋ ಗೇರು. ಇಲ್ಲಾ ನೈಲಾನ್ ರಾಡಿಂದ ಕೆತ್ತಿದ್ರೆ? ಎಂಎಸ್ ಪ್ಲೇಟಿಂದ ಗೇರನ್ನೇ ಲೇಸರ್ ಮಾಡಿಸಿದ್ರೂ ಆಯ್ತಲ್ಲ.

ಜಿನ್ನಿಂಗ್_ಫಿಟ್ಟರ್ (ರಾಯಚೂರು)

ಪ್ರಿಂಟ್ ನಡೀತದ, ಪಿಎಲ್‌ಎ ಬ್ಯಾಡ. ಅದು 60 ಡಿಗ್ರಿ ಸುತ್ತ ಮೆತ್ತಗಾಗ್ತದ. ನಮ್ಮ ಕಡೆ ಮೇ ತಿಂಗಳು ತಗಡಿನ ಶೆಡ್ಡಿನಾಗ, ಮೋಟಾರ್ ಪಕ್ಕದ ಮುಚ್ಚಳದೊಳಗ ಅಷ್ಟು ಬಿಸಿ ಆಗಾಕ ಬಾಳ ಹೊತ್ತು ಬೇಕಿಲ್ಲ. ಪಿಇಟಿಜಿ ಹಾಕಿ, ಒಳಗ ಪೂರ್ತಿ ತುಂಬಿಸಿ ಮಾಡ್ರಿ. ಬೋರ್ ಮಾತ್ರ ಕೀವೇ ಇರೋ ಲೋಹದ ಬುಷ್ಷೇ ಆಗಬೇಕು, ಪ್ಲಾಸ್ಟಿಕ್ಕಿನ ಕೀವೇ ವಾರದಾಗ ಸೀಳ್ತದ. ಬುಷ್ಷಿಗೆ ಷಟ್ಕೋನ ಹೊರಮೈ ಮಾಡಿ ಕೂಡಿಸಿದ್ರ ತಿರುಗೂದಿಲ್ಲ.

ನೈಲಾನ್ ಕೆತ್ತಾಕ ಹಗುರ. ಆದ್ರ ನೀರು ಹೀರಿ ಉಬ್ಬತದ, ಬಿಸಿಲಿಗೂ ಹಿಗ್ಗತದ. 118 ವ್ಯಾಸದ ಗೇರು 20 ಡಿಗ್ರಿ ಏರಿದ್ರ 0.2 ಮಿ.ಮೀ. ಹಿಗ್ಗತದ. ಚಳಿಗಾಲದಾಗ ಬಿಗಿಯಾಗಿ ಕೂಡಿಸಿದ್ದು ಬ್ಯಾಸಿಗಿಗೆ ಹಿಡಕೊಂತದ. ಹಾಕೂದಾದ್ರ ಡೆಲ್ರಿನ್ ಹಾಕ್ರಿ, ನೀರಿನ ಕಾಟ ಕಡಿಮಿ. ಇಲ್ಲಂದ್ರ ಬಟ್ಟಿ ಪದರಿನ ಹೈಲಂ ಶೀಟ್. ಸದ್ದು ಇರೂದಿಲ್ಲ, ಹಲ್ಲೂ ಗಟ್ಟಿ. ಕೆತ್ತೂವಾಗ ಮೂಗಿಗೆ ಬಟ್ಟಿ ಕಟ್ಕೋರಿ.

ಲೇಸರ್ ಗೇರು ಬ್ಯಾಡ. 16 ದಪ್ಪಕ್ಕ ಲೇಸರ್ ಅಂಚು ನೆಟ್ಟಗಿರೂದಿಲ್ಲ, ಮ್ಯಾಲೊಂದು ಅಳತಿ ಕೆಳಗೊಂದು ಅಳತಿ ಆಗ್ತದ. ಡಿವೈಡಿಂಗ್ ಬಿಲ್ಲಿಗೆ ಸಾಕು, ಹಲ್ಲಿಗೆ ಸಾಲದು. ದುಡ್ಡು ಕೊಟ್ಟು ಮಾಡಿಸೂದಾದ್ರ ವೈರ್ ಕಟ್ (ಕರೆಂಟ್ ಹರಿಯೂ ತಂತಿಯಿಂದ ಕತ್ತರಿಸೂದು) ಮಾಡಿಸ್ರಿ. ಡ್ರಾಯಿಂಗ್ ಕೊಟ್ರ ಹಲ್ಲು, ಬೋರು, ಕೀವೇ ಎಲ್ಲಾ ಒಂದೇ ಸಲ ಬರ್ತದ. ಅವರು ರೇಟು ಹೇಳೂದು ಕತ್ತರಿಸಿದ ಉದ್ದ ಗುಣಿಸು ದಪ್ಪ. 40ರ ಗೇರಿಗೆ ಸುತ್ತಲ ಉದ್ದ ಅರ್ಧ ಮೀಟರ್ ಹತ್ರ, ಅಂದ್ರ 8000 ಚದರ ಮಿ.ಮೀ. ಚದರಕ್ಕ ಎಷ್ಟು ಅಂತ ಕೇಳಿ ಗುಣಿಸ್ಕೋರಿ.

ಅರ_ಸಾಣೆ (ಕೊಪ್ಪಳ)

ಬ್ರೇಜಿಂಗ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಒಂದು ಹಲ್ಲು ಹೋಗಿದ್ದರೆ ನಡೆಯುತ್ತದೆ, ಸಾಲಾಗಿ ಮೂರು ಹೋದರೆ ಹಿಡಿದು ತುಂಬಿಸುವ ಆಕಾರವೇ ಉಳಿದಿರುವುದಿಲ್ಲ. ತುಂಬಿದ ಮೇಲೆ ಮೂರು ಹಲ್ಲನ್ನು ಅರದಲ್ಲಿ ಸಮಾನ ಅಂತರಕ್ಕೆ ತರುವುದು 2000 ಏಟಿಗಿಂತ ಕಷ್ಟ. ಬೀಡನ್ನು ತಣ್ಣಗಿದ್ದಾಗಲೇ ಜ್ವಾಲೆ ಹಿಡಿದರೆ, ಅಥವಾ ಆದ ಮೇಲೆ ನೆಲದ ಮೇಲೆ ಬಿಟ್ಟರೆ, ಬೋರಿನಿಂದ ಬಿರುಕು ಬರುತ್ತದೆ. ಇಡೀ ಗೇರನ್ನು ಮೊದಲು ಕಾಯಿಸಿ, ಆಮೇಲೆ ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಡಬೇಕು. ಹೊಸದು ಆಗುವ ತನಕ ತಾತ್ಕಾಲಿಕ ಅಂತಾದರೆ ಮಾಡಿ.

ಅದಕ್ಕಿಂತ, ಆ ಮೂರು ಹಲ್ಲು ಯಾಕೆ ಹಾರಿದವು ಅನ್ನುವುದು ನೋಡಿ. ಸಾಲಾಗಿ ಹಾರಿದ್ದರೆ ಸವೆತ ಅಲ್ಲ, ಏಟು. ಓಡುತ್ತಿರುವಾಗ ಟಂಬ್ಲರ್ ಲಿವರ್ (ಲೀಡ್ ಸ್ಕ್ರೂ ದಿಕ್ಕು ಬದಲಿಸುವ ಹಿಡಿ) ಎಳೆದಿರಬಹುದು, ಸ್ಯಾಡಲ್ ಹೋಗಿ ಚಕ್ಕಿಗೋ ಟೈಲ್‌ಸ್ಟಾಕಿಗೋ ಗುದ್ದಿರಬಹುದು. ಹೊಸ ಗೇರು ಹಾಕಿ ಅದೇ ಗಟ್ಟಿ ಉಕ್ಕಿನ ಕೀ ಹೊಡೆದರೆ ಮುಂದಿನ ಸಲವೂ ಮುರಿಯುವುದು ಹಲ್ಲೇ. 3/16ರ ಕೀಯನ್ನು ಅಲ್ಯೂಮಿನಿಯಂನಲ್ಲಿ ಮಾಡಿ, ಅದು ಕತ್ತರಿಸಿ ಹೋಗಲಿ. ಲೀಡ್ ಸ್ಕ್ರೂ ಮೇಲಿನ ಗೇರಿಗೆ ಅಂಥ ಕೀ ಹಾಕಿದರೆ ಇಡೀ ಸಾಲು ಉಳಿಯುತ್ತದೆ.

ಗೇರು ಕೂಡಿಸುವಾಗ ಎರಡರ ನಡುವೆ ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಇಟ್ಟು ಒತ್ತಿ, ಬೋಲ್ಟ್ ಬಿಗಿದು, ಕೈಯಿಂದ ತಿರುಗಿಸಿ ಹಾಳೆ ಹೊರಗೆ ತೆಗೆಯಿರಿ. ಹಲ್ಲಿನ ಮಡಿಕೆ ಬಿದ್ದಿರಬೇಕು, ಹರಿದಿರಬಾರದು. ಹರಿದಿದ್ದರೆ ತೀರಾ ಬಿಗಿ. ಒಂದೇ ಕಡೆ ನೋಡಿ ಬಿಡಬೇಡಿ, ಹೊಸ ಗೇರನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನಾಲ್ಕು ಕಡೆ ಹಾಳೆ ಹಾಕಿ.

ಗಂಗಾವತಿ_ಲೇತ್ (ಗಂಗಾವತಿ)

ಹಬ್ ಸಿಕ್ತು, 95 ವ್ಯಾಸ, ತೂತು 38. ಎರಡು ಬ್ಲಾಂಕ್ ಬರತಾವ. 20-100-65-55 ಹಾಕಿ 1.5 ಥ್ರೆಡ್ ತಗದು ನೋಡಿದ್ರ M12ರ ಅಂಗಡಿ ನಟ್ಟು ಪೂರ್ತಿ ಹೋತು, ಎಲ್ಲೂ ಬಿಗಿ ಇಲ್ಲ. ಗೇರಿಗೆ ಗ್ರೀಸ್ ಹಚ್ಚಲೋ ಎಣ್ಣಿನೋ?

ತಿರುಗಣಿ_ಬಳ್ಳಾರಿ (ಬಳ್ಳಾರಿ)

M12ರ ಮಾಮೂಲಿ ನಟ್ಟು 1.75 ಪಿಚ್. ಅದು 1.5ರ ಥ್ರೆಡ್ಡಿಗೆ ಒಂದೆರಡು ಸುತ್ತಿಗೇ ಹಿಡಿದುಕೊಳ್ಳಬೇಕು. ಪೂರ್ತಿ ಹೋಗಿದ್ದರೆ ನಿಮ್ಮ ಕೈಲಿರೋದು ಫೈನ್ ನಟ್ಟು, ಇಲ್ಲಾ ನೀವು ತಿರುವಿದ ವ್ಯಾಸ ಕಡಿಮೆ ಆಗಿ ನಟ್ಟು ಬರೀ ಜಾರಿಕೊಂಡು ಹೋಗ್ತಿದೆ. ಪಿಚ್ ಗೇಜ್ ಇಟ್ಟು ನೋಡಿ.

ಗ್ರೀಸ್ ಬೇಡ. ತೋರಣಗಲ್ಲು, ಸಂಡೂರು ಕಡೆಯ ಅದಿರಿನ ಕೆಂಪು ಧೂಳಾಗಲಿ ನಿಮ್ಮ ಕಡೆ ಮಿಲ್ಲಿನ ಹೊಟ್ಟಿನ ಧೂಳಾಗಲಿ, ಗ್ರೀಸಿಗೆ ಅಂಟಿದರೆ ಸಾಣೆ ಪೇಸ್ಟ್ ಆಗುತ್ತೆ. ಬೀಡಿನ ಹಲ್ಲಿಗೆ ಬ್ರಷ್ಷಲ್ಲಿ ಎರಡು ಹನಿ ಗೇರ್ ಆಯಿಲ್ ಸವರಿ, ಬಟ್ಟೆಯಲ್ಲಿ ಒರೆಸಿ. ಎಣ್ಣೆ ಬೇಕಾಗಿರೋದು ಸ್ಟಡ್ಡಿನ ಬುಷ್ಷಿಗೆ, ಅಲ್ಲಿ ತೂತು ಇದ್ದರೆ ದಿನಾ ಹಾಕಿ. ತೂತು ಇಲ್ಲದಿದ್ದರೆ ಹೊಸ ಬುಷ್ ಮಾಡೋವಾಗಲೇ 3 ಮಿ.ಮೀ.ದೊಂದು ಕೊರೆದುಬಿಡಿ.